ಏನು ತಗೊಂಡಿದ್ದಾನೆ, ಹೇಳಿಬಿಡಿ

ದೊಡ್ಡೇರಿ ಹೋಬಳಿಯ ತಾಯಿಯೊಬ್ಬರು ಬರೆದಿದ್ದಾರೆ: ‘ಮಗ ತುಮಕೂರಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದಾನೆ. ಮಾತ್ರೆ, ಪೌಡರು, ಇಂಜೆಕ್ಷನ್ನು ಅಂತ ದಿನಾ ಪೇಪರಲ್ಲಿ ಬರುತ್ತಿದೆ. ಅದನ್ನೆಲ್ಲ ತಗೊಂಡರೆ ನಿಜವಾಗಿ ಏನಾಗುತ್ತದೆ ಡಾಕ್ಟ್ರೇ? ಅಮಲು ಇಳಿದ ಮೇಲೆ ಸರಿಹೋಗುತ್ತಾರಾ?’ ಇದೇ ಪ್ರಶ್ನೆಯನ್ನು ಶಿರಾದ ಮೇಷ್ಟ್ರೊಬ್ಬರು ಕೇಳಿದ್ದಾರೆ, ಪಾವಗಡದ ಓದುಗರು ಕೇಳಿದ್ದಾರೆ, ಮಧುಗಿರಿ ಬಸ್‌ಸ್ಟ್ಯಾಂಡಿನಲ್ಲಿ ಗುರುತು ಹಿಡಿದವರೂ ಕೇಳಿದ್ದಾರೆ. ಚಟ, ಸಂಸ್ಕಾರ, ಕೆಟ್ಟ ಸಹವಾಸ ಇವುಗಳ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ತುರ್ತು ಚಿಕಿತ್ಸಾ ವಿಭಾಗದಲ್ಲಿ ರಾತ್ರಿಪಾಳಿ ಮಾಡಿದ ವೈದ್ಯನಾಗಿ ನಾನು ಹೇಳಬಲ್ಲದ್ದು ಬೇರೆ. ಈ ಪದಾರ್ಥಗಳು ಮಿದುಳಿನ ಮೇಲೆ ಮೊದಲ ಕೆಲವು ಗಂಟೆಗಳಲ್ಲಿ ಏನು ಮಾಡುತ್ತವೆ ಮತ್ತು ಆ ಹೊತ್ತಿನಲ್ಲಿ ಮನೆಯವರ ಒಂದು ಮಾತು ಎಷ್ಟು ಕೆಲಸ ಮಾಡುತ್ತದೆ ಎಂಬುದು.

ನಮ್ಮ ರಾಜ್ಯದ ಸುದ್ದಿ ನಿಮಗೆ ಗೊತ್ತೇ ಇದೆ. 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ದಕ್ಷಿಣ ಆಫ್ರಿಕಾದ ಇಬ್ಬರು ಮಹಿಳೆಯರಿಂದ 37 ಕೆ.ಜಿ.ಗೂ ಹೆಚ್ಚು ಎಂಡಿಎಂಎ ಎಂಬ ಅಮಲು ಪದಾರ್ಥ ಹಿಡಿದರು. ಅದರ ಬೆಲೆ 75 ಕೋಟಿ ರೂಪಾಯಿ ಎಂದು ಹೇಳಿದರು. ಅದೇ ವರ್ಷದ ಜುಲೈನಲ್ಲಿ ಮುಂಬೈ ಪೊಲೀಸರು ಮೈಸೂರಿನವರೆಗೆ ಬಂದು ಅದೇ ಥರದ ಮೆಫೆಡ್ರೋನ್ ತಯಾರಿಸುತ್ತಿದ್ದ ಘಟಕವೊಂದನ್ನು ಪತ್ತೆ ಮಾಡಿದರು. ಇವೆಲ್ಲ ಕೋಟಿಗಟ್ಟಲೆ ಲೆಕ್ಕದ ವ್ಯವಹಾರ. ಹಾಗೆಂದು ದೇಶವೆಲ್ಲ ಪೌಡರಿನಲ್ಲಿ ಮುಳುಗಿದೆ ಎಂದು ಗಾಬರಿ ಬೀಳಬೇಕಾಗಿಲ್ಲ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದವರಲ್ಲಿ ಶೇ 14.6 ಜನ ಮದ್ಯ ಕುಡಿಯುತ್ತಾರೆ. ಅಫೀಮಿನ ಜಾತಿಯ ಪದಾರ್ಥ ಬಳಸುವವರು ಶೇ 2ರ ಆಸುಪಾಸು, ಎಂಡಿಎಂಎ ಥರದ ಉತ್ತೇಜಕಗಳನ್ನು ಬಳಸುವವರು ಶೇ 0.18 ಮಾತ್ರ. ಮನೆ ಮುರಿಯುವುದರಲ್ಲಿ ಇವತ್ತಿಗೂ ಮೊದಲ ಸ್ಥಾನ ಬಾಟಲಿಗೇ. ಆದರೆ ಹೆಂಡ ಕುಡಿದವನನ್ನು ನಮ್ಮೂರಿನ ಮಗುವೂ ಗುರುತಿಸುತ್ತದೆ. ಹೊಸ ಪದಾರ್ಥ ತಗೊಂಡವನನ್ನು ಎಷ್ಟೋ ಸಲ ಡಾಕ್ಟರೂ ತಕ್ಷಣ ಗುರುತಿಸಲಾರರು. ಕಷ್ಟ ಇರುವುದು ಇಲ್ಲಿ.

ನಮ್ಮಂಥ ತಾಲ್ಲೂಕುಗಳಿಗೆ ಎಂಡಿಎಂಎಗಿಂತ ಹತ್ತಿರದ ಅಪಾಯ ನೋವಿನ ಮಾತ್ರೆಯದು. ಟಪೆಂಟಡಾಲ್ ಎಂಬ ಮಾತ್ರೆಯ ದುರ್ಬಳಕೆಯ ಪ್ರಕರಣಗಳನ್ನು ರಾಜ್ಯದ ಅನೇಕ ಊರುಗಳಲ್ಲಿ ಪೊಲೀಸರು ದಾಖಲಿಸಿದ್ದಾರೆ. ಇದು ಕಳ್ಳ ಕಾರ್ಖಾನೆಯಲ್ಲಿ ತಯಾರಾದ ಪುಡಿಯಲ್ಲ. ಆಪರೇಷನ್ ಆದವರಿಗೆ, ಕ್ಯಾನ್ಸರ್ ನೋವಿನವರಿಗೆ ಕೊಡುವ, ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧ. ಅಫೀಮು ಮಿದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೋ ಇದೂ ಅಲ್ಲಿಯೇ ಕೂರುತ್ತದೆ. ನೋವು ಹೋಗುತ್ತದೆ, ಸುಖವೆನಿಸುತ್ತದೆ, ಮಂಪರು ಬರುತ್ತದೆ. ಡೋಸು ಜಾಸ್ತಿಯಾದರೆ, ಅಥವಾ ಅದರ ಮೇಲೆ ಎಣ್ಣೆ ಬಿದ್ದರೆ, ಉಸಿರಾಡು ಎಂದು ಎದೆಗೆ ಅಪ್ಪಣೆ ಕೊಡುವ ಮಿದುಳ ಬುಡದ ಭಾಗವೇ ಮಂಕಾಗುತ್ತದೆ. ಮಾಮೂಲಾಗಿ ನಿಮಿಷಕ್ಕೆ ಹದಿನೈದರ ಆಸುಪಾಸಿನಲ್ಲಿರುವ ಉಸಿರು ಎಂಟಕ್ಕೆ, ಆರಕ್ಕೆ ಇಳಿಯುತ್ತದೆ. ತುಟಿ ನೀಲಿಯಾಗುತ್ತದೆ. ಜತೆಯವರು ‘ಚೆನ್ನಾಗಿ ನಿದ್ದೆ ಹೊಡೀತಾವ್ನೆ’ ಅಂದುಕೊಂಡು ಗೊರಕೆ ಕೇಳುತ್ತಾ ಮಲಗಿಬಿಡುತ್ತಾರೆ. ಆ ಗೊರಕೆ ನಿದ್ದೆಯದಲ್ಲ, ಗಂಟಲು ಸಡಿಲಾಗಿ ಉಸಿರು ಕಟ್ಟುತ್ತಿರುವ ಸದ್ದು.

ನಮ್ಮ ಬಯಲುಸೀಮೆಯ ಆಸ್ಪತ್ರೆಗಳಲ್ಲಿ ಇದಕ್ಕೊಂದು ತೊಡಕು ಸೇರಿಕೊಳ್ಳುತ್ತದೆ. ಕಡಲೇಕಾಯಿ, ತೊಗರಿ, ಟೊಮೆಟೊ ಬೆಳೆಯುವ ಸೀಮೆ ಇದು, ಮನೆಮನೆಯ ಅಟ್ಟದ ಮೇಲೂ ಕೀಟನಾಶಕದ ಡಬ್ಬಿ ಇರುತ್ತದೆ. ಇಲ್ಲಿ ‘ಔಷ್ದಿ ಕುಡ್ದವ್ನೆ’ ಎಂದರೆ ಯಾವ ಔಷಧಿ ಎಂದು ಯಾರೂ ಕೇಳುವುದಿಲ್ಲ. ಪ್ರಜ್ಞೆ ತಪ್ಪಿದ ಹುಡುಗ, ಟಾರ್ಚು ಬಿಟ್ಟರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ತಾಲ್ಲೂಕು ಆಸ್ಪತ್ರೆಯಲ್ಲಿ ಪಳಗಿದ ಯಾವ ವೈದ್ಯರಿಗೂ ಮೊದಲು ಹೊಳೆಯುವುದು ಕೀಟನಾಶಕವೇ. ಅಫೀಮು ಜಾತಿಯ ಮಾತ್ರೆಗಳೂ ಪಾಪೆಯನ್ನು ಅಷ್ಟೇ ಕಿರಿದು ಮಾಡುತ್ತವೆ.

ಒಂದು ರಾತ್ರಿ ಹೀಗೇ ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬನನ್ನು ಆಟೋದಲ್ಲಿ ಹಾಕಿಕೊಂಡು ಬಂದರು. ಚಿಕ್ಕಪ್ಪ, ಅಮ್ಮ, ಜತೆಗೆ ಇಬ್ಬರು ಗೆಳೆಯರು. ‘ಏನೂ ಇಲ್ಲ ಸಾ, ಉಂಡು ಮನಿಕ್ಕಂಡ, ಎಬ್ಬುಸುದ್ರೆ ಏಳ್ಲಿಲ್ಲ’ ಎಂದರು ಚಿಕ್ಕಪ್ಪ. ಪಾಪೆ ಸಣ್ಣ. ಆದರೆ ಬಾಯಲ್ಲಿ ಜೊಲ್ಲಿಲ್ಲ, ಮೈ ಬೆವರಿಲ್ಲ, ಕೀಟನಾಶಕದ ಘಾಟು ಇಲ್ಲ. ಕೀಟನಾಶಕ ಕುಡಿದವರ ತೊಡೆ, ಕೆನ್ನೆಯ ಚರ್ಮದ ಕೆಳಗೆ ಮಾಂಸ ಹುಳ ಹರಿದಂತೆ ಅದುರುತ್ತಿರುತ್ತದೆ, ಅದೂ ಇಲ್ಲ. ಉಸಿರು ಎಣಿಸಿದರೆ ಒಂದಕ್ಕೂ ಇನ್ನೊಂದಕ್ಕೂ ನಡುವೆ ಭಯವಾಗುವಷ್ಟು ಬಿಡುವು. ಗೆಳೆಯರಲ್ಲಿ ಒಬ್ಬ ಬಾಗಿಲ ಹತ್ತಿರ ನಿಂತು ಕೈಬೆರಳು ಹಿಸುಕಿಕೊಳ್ಳುತ್ತಿದ್ದ. ನರ್ಸಮ್ಮ ಅವನನ್ನು ಪಕ್ಕಕ್ಕೆ ಕರೆದು, ‘ನಿನ್ ತಮ್ಮ ಆಗಿದ್ರೆ ಏನ್ ಮಾಡ್ತಿದ್ದೆ?’ ಎಂದು ಕೇಳಿದರು. ಅವನು ಜೇಬಿನಿಂದ ಖಾಲಿ ಸ್ಟ್ರಿಪ್ ತೆಗೆದುಕೊಟ್ಟ. ಅದರ ಮೇಲೆ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಲ್ಲವೂ ಇತ್ತು. ಆಮೇಲಿನ ಚಿಕಿತ್ಸೆ ನೇರವಾಯಿತು. ಮಾಸ್ಕು ಹಿಡಿದು ಉಸಿರು ಕೊಟ್ಟು ನಲಾಕ್ಸೋನ್ ಎಂಬ ಇಂಜೆಕ್ಷನ್ ಹಾಕಿದೆವು, ಹುಡುಗ ಕಣ್ಣು ಬಿಟ್ಟ.

ಕೀಟನಾಶಕಕ್ಕೆ ಕೊಡುವ ಮದ್ದು ಅಟ್ರೋಪಿನ್. ಅದು ಬೇರೆ, ನಲಾಕ್ಸೋನ್ ಬೇರೆ. ಒಂದರ ಬದಲು ಇನ್ನೊಂದು ಕೊಟ್ಟರೆ ನಿಜವಾದ ಕಾಯಿಲೆಗೆ ಮದ್ದು ಸಿಗುವುದಿಲ್ಲ. ಜತೆಗೆ ಅಟ್ರೋಪಿನ್ ಪಾಪೆಯನ್ನು ಅಗಲ ಮಾಡಿ, ಎದೆಬಡಿತ ಏರಿಸಿ, ಇದ್ದ ಸುಳಿವನ್ನೂ ಅಳಿಸುತ್ತದೆ. ನಲಾಕ್ಸೋನ್ ಬಗ್ಗೆ ಮನೆಯವರು ತಿಳಿದಿರಲೇಬೇಕಾದ ಒಂದು ವಿಷಯವಿದೆ. ಅದರ ಪ್ರಭಾವ ಇರುವುದು ಅರ್ಧ ಗಂಟೆಯಿಂದ ಒಂದೂವರೆ ಗಂಟೆ. ಹೊಟ್ಟೆಯಲ್ಲಿರುವ ಮಾತ್ರೆಯ ಪ್ರಭಾವ ಅದಕ್ಕಿಂತ ಎಷ್ಟೋ ಉದ್ದ. ‘ಎದ್ದನಲ್ಲ ಸಾ, ಮಾತಾಡ್ತಾವ್ನೆ, ಕರ್ಕೊಂಡೋಯ್ತೀವಿ’ ಎಂದು ಮುಚ್ಚಳಿಕೆ ಬರೆದುಕೊಟ್ಟು ಹೊರಟರೆ ದಾರಿಯಲ್ಲಿಯೇ ಮತ್ತೆ ಉಸಿರು ಇಳಿಯಬಹುದು. ಎದ್ದು ಕೂತ ಹುಡುಗನನ್ನು ಆ ರಾತ್ರಿ ಆಸ್ಪತ್ರೆಯಿಂದ ಕದಲಿಸಬೇಡಿ.

ಟಪೆಂಟಡಾಲ್, ಅದರ ದೊಡ್ಡಣ್ಣ ಟ್ರಮಡಾಲ್ ಇವೆರಡಕ್ಕೂ ಹಳೆಯ ಅಫೀಮಿಗೆ ಅಷ್ಟಾಗಿ ಇಲ್ಲದ ಗುಣವೊಂದು ಇದೆ. ಇವು ಮಂಪರಿನ ಜತೆಗೇ ಮಿದುಳನ್ನು ಕೆರಳಿಸುತ್ತವೆ, ಫಿಟ್ಸ್ ಬರಿಸುತ್ತವೆ. ಹಿಂದೆಂದೂ ಮೂರ್ಛೆ ಬಾರದ, ವಂಶದಲ್ಲೂ ಮೂರ್ಛೆರೋಗ ಇಲ್ಲದ ಹದಿನೆಂಟು ಇಪ್ಪತ್ತರ ಹುಡುಗನಿಗೆ ಏಕಾಏಕಿ ಫಿಟ್ಸ್ ಬಂದರೆ ನಾವು ನೋಡುವ ಕಾರಣಗಳ ಪಟ್ಟಿಯಲ್ಲಿ ಈಗ ಇವೂ ಇವೆ. ಗಾಳಿ ಸೋಕಿತು ಎಂದು ತಾಯತ ಕಟ್ಟಿಸಲು ಹೋಗುವ ಮುಂಚೆ ಅವನ ಬ್ಯಾಗು ನೋಡುವುದು ಒಳ್ಳೆಯದು.

ಎಂಡಿಎಂಎ, ಮೆಫೆಡ್ರೋನ್‌ಗಳ ದಾರಿ ಇದಕ್ಕೆ ತದ್ವಿರುದ್ಧ. ಪಾಪೆ ಅಗಲ, ಮೈಯೆಲ್ಲ ಬೆವರು, ಎದೆ ಡವಡವ, ಕೂತಲ್ಲಿ ಕೂರಲಾಗದು, ಹಲ್ಲು ಕಡಿತ. ಮಿದುಳು ತನ್ನ ದಾಸ್ತಾನಿನಲ್ಲಿ ಇಟ್ಟುಕೊಂಡ ಸಿರೊಟೋನಿನ್, ಡೋಪಮಿನ್ ಎಂಬ ರಾಸಾಯನಿಕಗಳನ್ನು ಒಂದೇ ಸಲಕ್ಕೆ ಸುರಿದುಬಿಡುತ್ತದೆ. ಕುಣಿಯುವ ಹುಮ್ಮಸ್ಸು ಅಲ್ಲಿಂದ ಬರುತ್ತದೆ, ಕೊಲ್ಲುವ ಜ್ವರವೂ ಅಲ್ಲಿಂದಲೇ. ಮೈ 40, 41 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಮಾಂಸಖಂಡ ಕರಗಿ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಕಿಡ್ನಿ ಕೆಡುತ್ತದೆ. ಆಗ ನಾವು ಮಾಡುವ ಒಂದು ಪರೀಕ್ಷೆಗೆ ಯಂತ್ರವೂ ಬೇಡ, ಲ್ಯಾಬೂ ಬೇಡ. ರೋಗಿಯ ಮಂಡಿಯನ್ನು ಸ್ವಲ್ಪ ಮಡಿಸಿ, ಅಂಗಾಲಿಗೆ ಕೈಕೊಟ್ಟು ಪಾದವನ್ನು ತಟಕ್ಕನೆ ಮೇಲಕ್ಕೆ ಒತ್ತಿ ಹಿಡಿಯುತ್ತೇವೆ. ಸಾಮಾನ್ಯರ ಪಾದ ಸುಮ್ಮನಿರುತ್ತದೆ. ಸಿರೊಟೋನಿನ್ ಅತಿಯಾದವರ ಪಾದ ನಮ್ಮ ಅಂಗೈ ಮೇಲೆ ಟಪಟಪ ಟಪಟಪ ಬಡಿದುಕೊಳ್ಳುತ್ತಲೇ ಇರುತ್ತದೆ. ಆ ಬಡಿತ ಕೈಗೆ ಸಿಕ್ಕಿತು ಎಂದರೆ ಮೈ ತಣ್ಣಗೆ ಮಾಡಲು, ಮಿದುಳನ್ನು ಶಾಂತಗೊಳಿಸುವ ಮದ್ದು ಕೊಡಲು ತಡಮಾಡುವಂತಿಲ್ಲ. ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಎಂಡಿಎಂಎಯನ್ನೋ ಟ್ರಮಡಾಲನ್ನೋ ಸೇರಿಸಿಕೊಂಡರೆ ಇದು ಇನ್ನೂ ಸುಲಭವಾಗಿ ಆಗುತ್ತದೆ. ಆ ಮಾತ್ರೆಯ ವಿಷಯವನ್ನೂ ಡಾಕ್ಟರಿಗೆ ಹೇಳಬೇಕು.

ಎಂಡಿಎಂಎ ತಗೊಂಡವನು ನೀರು ಕುಡಿದರೆ ಸಾಕು, ಏನೂ ಆಗಲ್ಲ ಎಂಬ ನಂಬಿಕೆ ಕಾಲೇಜು ಹುಡುಗರಲ್ಲಿ ಇದೆ. ಇದು ಅರ್ಧ ಸುಳ್ಳು. ಆ ಪದಾರ್ಥ ಮೂತ್ರವನ್ನು ತಡೆಯುವ ಹಾರ್ಮೋನನ್ನೂ ಹೆಚ್ಚಿಸುತ್ತದೆ. ಲೀಟರ್‌ಗಟ್ಟಲೆ ಕುಡಿದ ನೀರು ಹೊರಗೆ ಹೋಗದೆ ರಕ್ತದ ಸೋಡಿಯಂ ಕುಸಿಯುತ್ತದೆ, ಮಿದುಳು ಊದಿಕೊಳ್ಳುತ್ತದೆ, ತಲೆನೋವು, ವಾಂತಿ, ಆಮೇಲೆ ಫಿಟ್ಸ್. ಇದು ಹುಡುಗಿಯರಲ್ಲಿ ಹೆಚ್ಚು.

ಇಲ್ಲೊಂದು ಹಳೆಯ ಪರಿಚಯವನ್ನೂ ಹೇಳಬೇಕು. ನಮ್ಮ ಬೇಲಿ ಸಾಲಿನ ಉಮ್ಮತ್ತಿ ಕಾಯಿ ಮಾದಕ ವಸ್ತುಗಳ ಕಾನೂನಿನ ಪಟ್ಟಿಯಲ್ಲಿ ಇಲ್ಲ, ದುಡ್ಡೂ ಕೊಡಬೇಕಿಲ್ಲ. ಬೀಜ ತಿಂದವನ ಪಾಪೆಯೂ ಎಂಡಿಎಂಎ ತಗೊಂಡವನ ಹಾಗೇ ಅಗಲವಾಗಿರುತ್ತದೆ, ಅವನೂ ಬಡಬಡಿಸುತ್ತಾನೆ. ಆದರೆ ಅವನ ಮೈಯಲ್ಲಿ ಬೆವರಿನ ಹನಿ ಇರುವುದಿಲ್ಲ. ಚರ್ಮ ಒಣಗಿ ಕಾದಿರುತ್ತದೆ, ನಾಲಗೆ ಅಂಟಿಕೊಂಡಿರುತ್ತದೆ. ಹೊದಿಕೆಯಿಂದ ಇಲ್ಲದ ದಾರ ಎಳೆಯುತ್ತಾನೆ, ಇಲ್ಲದ ಬೀಡಿ ಹಚ್ಚುತ್ತಾನೆ. ಕಂಕುಳಿಗೆ ಕೈ ಹಾಕಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ, ಒಣಗಿದ್ದರೆ ಉಮ್ಮತ್ತಿ, ಒದ್ದೆಯಾಗಿದ್ದರೆ ಉತ್ತೇಜಕ. ಕೀಟನಾಶಕಕ್ಕೆ ಮದ್ದಾಗಿ ಕೊಡುವ ಅಟ್ರೋಪಿನ್ ಉಮ್ಮತ್ತಿಯಲ್ಲೂ ಇರುವ ಸತ್ವ ಎನ್ನುವುದು ನನಗೆ ಇವತ್ತಿಗೂ ಬೆರಗಿನ ಸಂಗತಿ.

‘ಅಷ್ಟೆಲ್ಲ ಯಾಕೆ, ಮೂತ್ರ ಪರೀಕ್ಷೆ ಮಾಡಿದರೆ ಗೊತ್ತಾಗಲ್ವಾ?’ ಎಂದು ಕೇಳುತ್ತೀರಿ. ಗೊತ್ತಾಗುವುದಿಲ್ಲ, ಬಹಳ ಸಲ. ಆಸ್ಪತ್ರೆಯಲ್ಲಿ ಸಿಗುವ ಮಾಮೂಲಿ ಪರೀಕ್ಷಾಪಟ್ಟಿ ಗಾಂಜಾ, ಮಾರ್ಫಿನ್, ಆಂಫೆಟಮಿನ್‌ನಂಥ ಹಳಬರನ್ನು ಹಿಡಿಯುತ್ತದೆ. ಟಪೆಂಟಡಾಲ್ ಅದಕ್ಕೆ ಸಿಗುವುದಿಲ್ಲ. ಲ್ಯಾಬಿನಲ್ಲಿ ತಯಾರಾದ ಕೃತಕ ಗಾಂಜಾ ಸಿಗುವುದಿಲ್ಲ. ಇಂಥ ಸಾವಿರಕ್ಕೂ ಹೆಚ್ಚು ಹೊಸ ಪದಾರ್ಥಗಳು ಜಗತ್ತಿನಲ್ಲಿ ಈವರೆಗೆ ವರದಿಯಾಗಿವೆ. ಕಾನೂನು ಒಂದನ್ನು ಹೆಸರಿಸುವುದರೊಳಗೆ ಅಣು ಒಂದಿಷ್ಟು ಬದಲಾಯಿಸಿ ಇನ್ನೊಂದನ್ನು ಮಾಡಿರುತ್ತಾರೆ. 2016ರ ಜುಲೈ 12ರಂದು ನ್ಯೂಯಾರ್ಕಿನ ಬ್ರೂಕ್ಲಿನ್ ಬಡಾವಣೆಯಲ್ಲಿ 33 ಜನ ಒಂದೇ ದಿನ ಶೂನ್ಯ ದೃಷ್ಟಿಯಲ್ಲಿ ನರಳುತ್ತಾ, ಯಂತ್ರದ ಬೊಂಬೆಗಳ ಹಾಗೆ ನಿಧಾನಕ್ಕೆ ಕೈಕಾಲು ಆಡಿಸುತ್ತಾ ಬೀದಿಯಲ್ಲಿ ನಿಂತಿದ್ದರು. ಅದು ಕೃತಕ ಗಾಂಜಾ, ನಿಜವಾದ ಗಾಂಜಾದ ಸತ್ವಕ್ಕಿಂತ 85 ಪಟ್ಟು ಪ್ರಬಲ ಎಂದು ಪತ್ತೆಯಾದದ್ದು ಸ್ಯಾನ್‌ಫ್ರಾನ್ಸಿಸ್ಕೊದ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ, ಆಮೇಲೆ. ಅಮೆರಿಕದ ಮಹಾನಗರದ ಆಸ್ಪತ್ರೆಗೇ ಹೀಗಾದರೆ ಮಧುಗಿರಿ, ಪಾವಗಡದ ಆಸ್ಪತ್ರೆಯಲ್ಲಿ ನಡುರಾತ್ರಿ ಒಬ್ಬರೇ ಇರುವ ಡ್ಯೂಟಿ ಡಾಕ್ಟರಿಗೆ ಯಾವ ಯಂತ್ರ ಹೇಳಬೇಕು? ಅವರಿಗಿರುವುದು ಟಾರ್ಚು, ಥರ್ಮಾಮೀಟರು, ಗ್ಲೂಕೋಮೀಟರು ಮತ್ತು ನಿಮ್ಮ ಬಾಯಿ.

ತಗೊಂಡದ್ದನ್ನು ಹೇಳುವಷ್ಟೇ ಬಿಟ್ಟದ್ದನ್ನು ಹೇಳುವುದೂ ಮುಖ್ಯ. ಮೂರು ಕಡೆ ಆಂಧ್ರದ ಗಡಿ ಇರುವ ಪಾವಗಡದವರಿಗೆ ಈಚಲ ಹೆಂಡದ ವಿಷಯ ಬಿಡಿಸಿ ಹೇಳಬೇಕಿಲ್ಲ. ರಾಯಚೂರು ಕಡೆ ಸೇಂದಿಗೆ ಸಿ.ಎಚ್. ಪೌಡರ್ ಬೆರೆಸುತ್ತಾರೆ. ಅದು ಕ್ಲೋರಲ್ ಹೈಡ್ರೇಟ್, 1869ರಿಂದಲೂ ವೈದ್ಯರು ಬಳಸಿದ ನಿದ್ದೆ ಮದ್ದು. ತೆಲಂಗಾಣದಲ್ಲಿ ಆಲ್‌ಪ್ರಜೋಲಾಮ್, ಡಯಜೆಪಾಮ್ ಎಂಬ ನಿದ್ದೆ ಮದ್ದು ಬೆರೆಸುತ್ತಿದ್ದರು. 2015ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ ಕಲಬೆರಕೆ ಹೆಂಡವನ್ನು ಬಿಗಿ ಮಾಡಿದ ಕೂಡಲೇ ನಿಜಾಮಾಬಾದ್ ಮುಂತಾದ ಕಡೆ ಜನ ಆಸ್ಪತ್ರೆಗೆ ಸಾಲುಗಟ್ಟಿದರು. ಫಿಟ್ಸ್, ನಡುಕ, ಹುಚ್ಚುಹುಚ್ಚಾಗಿ ಆಡುವುದು. ದಿನಾ ಕುಡಿದ ನಿದ್ದೆ ಮದ್ದು ಒಮ್ಮೆಲೇ ನಿಂತಾಗ ಅದುಮಿಟ್ಟ ಮಿದುಳು ಸಿಡಿದೇಳುತ್ತದೆ. ‘ಅವನು ಕುಡಿಯೋದು ಬಿಟ್ಟು ಮೂರು ದಿನ ಆಯ್ತು’ ಎಂದು ಹೆಮ್ಮೆಯಿಂದ ಹೇಳುವ ಹೆಂಡತಿಯ ಮಾತಿನಲ್ಲೇ ಗಂಡನ ಫಿಟ್ಸಿನ ಕಾರಣ ಇರುತ್ತದೆ. ಬಿಡುವುದು ಒಳ್ಳೆಯದೇ, ಆದರೆ ವೈದ್ಯರ ಕಣ್ಣೆದುರು, ಹಂತಹಂತವಾಗಿ.

ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ನಿಷೇಧ ಬೇಕು, ಆದರೆ ನಿಷೇಧವೊಂದನ್ನೇ ನಂಬಿ ಕೂರಬಾರದು. 2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಂತಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ, ಆಚೆಯ ಕೃಷ್ಣಗಿರಿ ಸೀಮೆಯಲ್ಲಿ ಕಳ್ಳಸಾರಾಯಿ ನೂರೈವತ್ತಕ್ಕೂ ಹೆಚ್ಚು ಜನರನ್ನು ನುಂಗಿತು. ಅದರಲ್ಲಿದ್ದ ಮೆಥನಾಲ್ ಕಣ್ಣಿನ ನರವನ್ನೇ ಸುಡುವ ವಿಷ. 2018ರ ಏಪ್ರಿಲಿನಲ್ಲಿ ಟ್ರಮಡಾಲನ್ನು ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯಡಿ ತಂದರು. ಅದು ಸಿಗುವುದು ಕಷ್ಟವಾದಾಗ ಟಪೆಂಟಡಾಲ್ ಆ ಜಾಗಕ್ಕೆ ಬಂತು. 2025ರ ಫೆಬ್ರುವರಿಯಲ್ಲಿ, ಟಪೆಂಟಡಾಲ್ ಮತ್ತು ಸ್ನಾಯು ಸಡಿಲಿಸುವ ಕ್ಯಾರಿಸೊಪ್ರೊಡಾಲ್ ಬೆರೆಸಿದ ಮಾತ್ರೆಗಳು ಪಶ್ಚಿಮ ಆಫ್ರಿಕಾದ ಬೀದಿಗಳಲ್ಲಿ ಅಮಲಿನ ವಸ್ತುವಾಗಿವೆ ಎಂದು ಬಿಬಿಸಿ ತೋರಿಸಿದ ಮೇಲೆ, ಆ ಬೆರಕೆಯ ತಯಾರಿಕೆ ಮತ್ತು ರಫ್ತನ್ನು ಕೇಂದ್ರ ನಿಲ್ಲಿಸಿತು. ಒಳ್ಳೆಯ ಕೆಲಸ. ಆದರೆ ಮುಂದಿನ ವರ್ಷದ ಪದಾರ್ಥ ಯಾವುದೋ! ಅದು ಬರುವ ಮುಂಚೆ ನಾವು ಮಾಡಿಕೊಳ್ಳಬಹುದಾದ ಸಿದ್ಧತೆ ಎರಡು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಅಟ್ರೋಪಿನ್ ಪಕ್ಕದಲ್ಲೇ ನಲಾಕ್ಸೋನ್ ಸದಾ ಇರಬೇಕು. ಬಂದವರು ನಿಜ ಹೇಳಲು ಹೆದರಬಾರದು.

ಹೆದರಿಕೆ ಪೊಲೀಸರದು, ಮರ್ಯಾದೆಯದು. ವಿಷ ಸೇವನೆಯ ಅನುಮಾನ ಇದ್ದರೆ ಆಸ್ಪತ್ರೆಯವರು ಎಂ.ಎಲ್.ಸಿ. (ಕಾನೂನು ಸಂಬಂಧಿ ವೈದ್ಯಕೀಯ ಪ್ರಕರಣ) ಎಂದು ಬರೆದುಕೊಳ್ಳುತ್ತಾರೆ, ನಿಜ. ಅದು ದಾಖಲೆ, ಬಂಧನವಲ್ಲ. ಚಟಕ್ಕೆ ಬಿದ್ದವನು ತಾನಾಗಿ ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆ ಪಡೆದ ಆಸ್ಪತ್ರೆಗೆ ಬಂದು ಚಿಕಿತ್ಸೆ ಪೂರೈಸಿದರೆ, ಸೇವನೆ ಮತ್ತು ಅಲ್ಪ ಪ್ರಮಾಣದ ಪ್ರಕರಣದಲ್ಲಿ ಅವನ ಮೇಲೆ ಮೊಕದ್ದಮೆ ನಡೆಸದಂತೆ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಈ ಕಲಮು ಅಂಥ ಹುಡುಗರಿಗೂ ಗೊತ್ತಿಲ್ಲ, ಅಪ್ಪ ಅಮ್ಮಂದಿರಿಗೂ ಗೊತ್ತಿಲ್ಲ. ನಮ್ಮ ಪಕ್ಕದ ಕೊರಟಗೆರೆಯ ಶಾಸಕರಾದ ಜಿ. ಪರಮೇಶ್ವರ ಅವರು 2023ರಲ್ಲಿ ರಾಜ್ಯದ ಗೃಹ ಖಾತೆ ವಹಿಸಿಕೊಂಡವರು. ಮಾದಕ ವಸ್ತುಗಳ ವಿರುದ್ಧ ಕಾಲೇಜುಗಳಲ್ಲಿ ಪ್ರತಿಜ್ಞೆ ಮಾಡಿಸುವಾಗ ಪೊಲೀಸರು ಈ 64ಎ ಕಲಮನ್ನೂ ಓದಿ ಹೇಳಲಿ ಎಂಬುದು ನನ್ನ ಕೋರಿಕೆ.

ಆ ತಾಯಿಯ ಎರಡನೆಯ ಪ್ರಶ್ನೆ ಉಳಿದಿದೆ. ಅಮಲು ಇಳಿದ ಮೇಲೆ ಸರಿಹೋಗುತ್ತಾರಾ? ಬೇಗ ಬಂದವರಲ್ಲಿ ಬಹುತೇಕರು ಸರಿಹೋಗುತ್ತಾರೆ. ಆದರೆ ಉಸಿರು ನಿಂತು ಮಿದುಳಿಗೆ ಕೆಲವೇ ನಿಮಿಷ ಆಮ್ಲಜನಕ ತಪ್ಪಿದರೂ ಮರೆವು, ನಡಿಗೆಯ ತೊಡಕು, ಮಾತಿನ ತೊದಲು ಉಳಿದುಬಿಡಬಹುದು. ಆದ್ದರಿಂದ ಮನೆಯಲ್ಲೋ ರೂಮಿನಲ್ಲೋ ಯಾರಾದರೂ ಎಚ್ಚರ ತಪ್ಪಿದ್ದರೆ ಎಡಕ್ಕೆ ಹೊರಳಿಸಿ ಮಲಗಿಸಿ, ವಾಂತಿಯಾದರೆ ಹೊರಗೆ ಬರಲಿ. ಉಪ್ಪುನೀರು, ಹುಣಸೆನೀರು, ಮಜ್ಜಿಗೆ ಏನನ್ನೂ ಬಾಯಿಗೆ ಹುಯ್ಯಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಫಿಟ್ಸ್ ಬಂದವನ ಕೈಗೆ ಬೀಗದ ಕೈ ಹಿಡಿಸುತ್ತಾ ಹೊತ್ತು ಕಳೆಯಬೇಡಿ. ಉಸಿರು ಎಣಿಸಿ. 108ಕ್ಕೆ ಫೋನ್ ಮಾಡಿ. ಹೊರಡುವಾಗ ಹಾಸಿಗೆ ಕೆಳಗೆ, ಜೇಬಿನಲ್ಲಿ, ಕಸದ ಡಬ್ಬಿಯಲ್ಲಿ ಸಿಕ್ಕ ಸ್ಟ್ರಿಪ್ಪು, ಪೊಟ್ಟಣ, ಸಿರಿಂಜು, ಬಾಟಲಿ ಎಲ್ಲವನ್ನೂ ಒಂದು ಕವರಿಗೆ ಹಾಕಿಕೊಂಡು ಬನ್ನಿ. ಗೆಳೆಯರನ್ನು ಬೈದು ಓಡಿಸಬೇಡಿ, ಜತೆಗೇ ಕರೆತನ್ನಿ, ಗೊತ್ತಿರುವುದು ಅವರಿಗೇ. ಏನು, ಎಷ್ಟು, ಯಾವಾಗ, ಜತೆಗೆ ಇನ್ನೇನು, ಇಷ್ಟನ್ನು ಡಾಕ್ಟರಿಗೆ ಹೇಳಿಬಿಡಿ. ಚಟ ಬಿಡಿಸುವ ಸಲಹೆಗೆ 14446, ಮನಸ್ಸಿನ ಕಷ್ಟಕ್ಕೆ ಟೆಲಿಮಾನಸ್ 14416. ಎರಡೂ ಉಚಿತ. ಈ ನಂಬರುಗಳನ್ನು ಇವತ್ತೇ ನಿಮ್ಮ ಮೊಬೈಲಿನಲ್ಲೂ ಮಗನ ಮೊಬೈಲಿನಲ್ಲೂ ಹಾಕಿಡಿ.